ಪಾತ್ರೆ ಗಂಟು ಮತ್ತು ಬೆನ್ನಿನ ಮೊಡವೆ

ಹಳೇ ಬಟ್ಟೆ ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುವುದು ಆಗ ನನ್ನ ಕಸುಬು. ಎಪ್ಪತ್ತರ ದಶಕದ ಕೊನೆ. ಸಾರಕ್ಕಿಯ ಮನೆಯಿಂದ ಬೆಳಿಗ್ಗೆ ಹೊರಟರೆ ಜಯನಗರದ ಅಡ್ಡರಸ್ತೆಗಳನ್ನೆಲ್ಲ ಕೂಗುತ್ತಾ ಸುತ್ತಿ, ಬಿಸಿಲು ಇಳಿದ ಮೇಲೆ ವಾಪಸ್ಸು. ಹೋಗುವಾಗ ಬೆನ್ನ ಮೇಲೆ ಪಾತ್ರೆಯ ಗಂಟು, ಬರುವಾಗ ಬಟ್ಟೆಯ ಗಂಟು. ಒಂದು ಡಬ್ಬಕ್ಕೆ ಎರಡು ಸೀರೆ ಕೇಳಿ, ಒಂದು ಸೀರೆ ಒಂದು ಪಂಚೆಗೆ ಇಳಿದು, ಹೊರಡುವಾಗ ಮಗುವಿನ ಹಳೇ ಫ್ರಾಕೊಂದನ್ನು ಮೇಲೆ ಹಾಕಿಸಿಕೊಳ್ಳುವುದರಲ್ಲಿ ನನ್ನ ಜಾಣತನವೆಲ್ಲ ಇತ್ತು. ಬಂದ ಬಟ್ಟೆಯಲ್ಲಿ ಕಾಟನ್ ಅಂಗಿಗಳನ್ನು ಮಾರಿಬಿಡುತ್ತಿದ್ದೆ. ಟೆರಿಲಿನ್ ಅಂಗಿ ಸಿಕ್ಕರೆ ನನಗೇ ಇಟ್ಟುಕೊಳ್ಳುತ್ತಿದ್ದೆ. ಹರಿಯುವುದಿಲ್ಲ, ಇಸ್ತ್ರಿ ಬೇಡ, ನೋಡಿದವರು ಮರ್ಯಾದಸ್ಥ ಅಂದುಕೊಳ್ಳುತ್ತಾರೆ. ಇದು ನನ್ನ ಲೆಕ್ಕಾಚಾರ.

ಎರಡನೇ ಬೇಸಿಗೆಗೆ ಬೆನ್ನಲ್ಲಿ ಗುಳ್ಳೆ ಎದ್ದವು. ಮೊದಲು ಸಾಸಿವೆಯಷ್ಟು, ಆಮೇಲೆ ಕಡಲೆಯಷ್ಟು. ಭುಜದಿಂದ ಸೊಂಟದವರೆಗೆ, ಸರಿಯಾಗಿ ಗಂಟು ಕೂರುವ ಜಾಗದಲ್ಲೇ.

"ಉಷ್ಣ ಕಣ್ಲಾ" ಅಂದಳು ಅವ್ವ. ನಮ್ಮಲ್ಲಿ ಮೈಮೇಲೆ ಏನೆದ್ದರೂ ಉಷ್ಣವೇ, ಉಷ್ಣಕ್ಕೆ ಹರಳೆಣ್ಣೆಯೇ. ವಾರಕ್ಕೊಮ್ಮೆ ಇದ್ದ ಎಣ್ಣೆಸ್ನಾನ ಮೂರು ಸಲ ಆಯಿತು. ನನ್ನನ್ನು ಬಚ್ಚಲಲ್ಲಿ ಕೂರಿಸಿ, ಬೆನ್ನಿಗೆ ಎಣ್ಣೆ ತಿಕ್ಕಿ, ಒಂದು ಗಂಟೆ ನೆನೆಸಿ, ಸೀಗೆಪುಡಿ ಹಾಕಿ ಮೈ ಉಜ್ಜುವ ಕಲ್ಲಿನಿಂದ ಉಜ್ಜುತ್ತಿದ್ದಳು. ಗುಳ್ಳೆ ಒಡೆದು ರಕ್ತ ಬಂದರೆ, "ಕೆಟ್ಟದ್ದೆಲ್ಲ ಆಚೆ ಹೋಗ್ತೈತೆ, ತಡ್ಕೋ" ಅನ್ನುವಳು. ನಾನೂ ತಡೆದುಕೊಂಡೆ. ಒಡೆದ ಕಡೆ ಎರಡೆರಡು ಎದ್ದವು. ರಾತ್ರಿ ಅಂಗಾತ ಮಲಗಲಾಗದೆ, ಬೆಳಿಗ್ಗೆ ಮತ್ತೆ ಅದೇ ಬೆನ್ನಿಗೆ ಗಂಟು ಏರಿಸುವಾಗ ಕಣ್ಣಲ್ಲಿ ನೀರು ಬರುತ್ತಿತ್ತು.

ಒಂದು ಮಧ್ಯಾಹ್ನ ಜಯನಗರದ ಒಬ್ಬ ಯಜಮಾನಿಯ ಮನೆ ಜಗಲಿಯಲ್ಲಿ ಗಂಟು ಬಿಚ್ಚಿದ್ದೆ. ಆ ರಸ್ತೆಯಲ್ಲಿ ಅವರ ಮಾತಿಗೆ ಬೆಲೆ. ಅವರು ಕೊಂಡರೆ ಉಳಿದ ಮನೆಗಳೂ ಕೊಳ್ಳುತ್ತಿದ್ದವು. ಒಂದು ಸೀರೆಗೆ ಒಂದು ಹಿಟ್ಟಿನ ಡಬ್ಬ ಎಂದು ವ್ಯಾಪಾರ ಕುದುರಿ, ಸೀರೆ ನನ್ನ ಕೈಗೂ ಡಬ್ಬ ಅವರ ಕೈಗೂ ಹೋಗಿತ್ತು. ನಾನು ಬಗ್ಗಿ ಗಂಟು ಕಟ್ಟುತ್ತಿದ್ದೆ.

"ಏನಪ್ಪಾ ಅದು, ಅಂಗಿ ಮೇಲೆ? ರಕ್ತವಾ?"

"ಉಷ್ಣದ ಗುಳ್ಳೆ ಅಮ್ಮಾ."

"ಗುಳ್ಳೆ ಹಂಗಿರತ್ತಾ? ಕೀವು ಸುರೀತಿದೆ. ಈ ಬೆನ್ನಿಗೆ ತಾಗಿದ ಪಾತ್ರೇನ ನಮ್ಮ ಅಡುಗೆಮನೆಗೆ ತರ್ತಿದ್ದೀಯಲ್ಲ!"

ಡಬ್ಬವನ್ನು ನನ್ನ ಕೈಗೆ ಕೊಡಲಿಲ್ಲ, ನೆಲದ ಮೇಲಿಟ್ಟರು. ಸೀರೆಯನ್ನೂ ವಾಪಸ್ಸು ಕೇಳಲಿಲ್ಲ. ಬೇಡ, ಇಟ್ಕೋ ಅಂದರು. ಅದು ನನಗೆ ಹೆಚ್ಚು ನಾಟಿತು.

ಮುಂದಿನ ವಾರ ಆ ರಸ್ತೆಯಲ್ಲಿ ಕೂಗಿದರೆ ಕಿಟಕಿ ಮುಚ್ಚುವ ಸದ್ದು. "ಇವತ್ತು ಬೇಡಪ್ಪ", "ಯಜಮಾನ್ರು ಇಲ್ಲ". ಅದರ ಮುಂದಿನ ವಾರ ಪಕ್ಕದ ಎರಡು ರಸ್ತೆಗಳಲ್ಲೂ ಅದೇ. ಎರಡು ವರ್ಷ ಬಿಸಿಲಲ್ಲಿ ನಡೆದು ಸಂಪಾದಿಸಿದ್ದ ಬೀದಿಗಳು ಕೈಬಿಟ್ಟು ಹೋಗುತ್ತಿದ್ದವು.

ಕೊನೆಗೆ ದೊಡ್ಡಾಸ್ಪತ್ರೆಯ ಚರ್ಮದ ವಿಭಾಗಕ್ಕೆ ಹೋದೆ. ಅರ್ಧ ದಿನ ಬೆಂಚು ಕಾದ ಮೇಲೆ ಡಾಕ್ಟರು ಅಂಗಿ ಬಿಚ್ಚಿಸಿ ನೋಡಿದರು.

"ಮೊಡವೆ ಕಣಯ್ಯಾ."

"ಮೊಡವೆ ಮುಖಕ್ಕಲ್ವಾ ಸಾರ್ ಬರೋದು?"

"ಬೆನ್ನಿಗೂ ಬರತ್ತೆ, ಎದೆಗೂ ಬರತ್ತೆ. ಏನು ಹಚ್ತೀಯ?"

"ಹರಳೆಣ್ಣೆ. ವಾರಕ್ಕೆ ಮೂರು ಸಲ."

"ಬೆನ್ನ ಮೇಲೆ ಬೋಂಡಾ ಕರೀತೀಯೇನಯ್ಯಾ?" ಅಂದರು. ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಆಮೇಲೆ ಕಸುಬು ಕೇಳಿದರು, ಅಂಗಿಯ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿದರು. ಚರ್ಮದ ಸಣ್ಣ ರಂಧ್ರಗಳಲ್ಲಿ ಜಿಡ್ಡು ಕಟ್ಟುತ್ತದೆ. ಮೇಲೆ ಎಣ್ಣೆ, ಬೆವರು, ಬೆವರು ಹೀರದ ಟೆರಿಲಿನ್ನು, ದಿನವಿಡೀ ಗಂಟಿನ ತಿಕ್ಕಾಟ. ಇನ್ನೇನಾಗಬೇಕು? ಮಾತ್ರೆ ಬರೆದರು, ಹಚ್ಚಲು ಗಂಧಕದ ಲೋಷನ್ ಬರೆದರು. ಮೂರ್ನಾಲ್ಕು ತಿಂಗಳು ಬೇಕು ಅಂದರು.

"ಎರಡಕ್ಕೆ ಮಾಡ್ಕೊಡಿ ಸಾರ್."

"ತರಕಾರಿ ಅಂಗಡಿನಾ ಇದು? ಏಳು."

ಏಳುವ ಮುಂಚೆ ಒಂದು ಚೀಟಿ ಮಾತ್ರ ಬಿಡದೆ ಬರೆಸಿಕೊಂಡೆ: ಇದು ಮೊಡವೆ, ಇನ್ನೊಬ್ಬರಿಗೆ ಅಂಟುವಂಥದ್ದಲ್ಲ ಎಂದು.

ಆಮೇಲಿನ ತಿಂಗಳುಗಳು ಬರೀ ದಣಿವು. ಗಂಟು ಬಿಟ್ಟು ಬಾಡಿಗೆಗೆ ತಳ್ಳುಗಾಡಿ ತಂದೆ. ಮಾರಿದ್ದಂಥದೇ ಕಾಟನ್ ಅಂಗಿಗಳನ್ನು ಹುಡುಕಿ ಇಟ್ಟುಕೊಂಡೆ. ಕೆಲಸದಿಂದ ಬಂದ ಕೂಡಲೇ ಸ್ನಾನ, ತೆಳ್ಳಗೆ ಸೋಪು, ಕೈಯಲ್ಲೇ ಮೆಲ್ಲಗೆ, ಕಲ್ಲು ಮುಟ್ಟಲಿಲ್ಲ. ಅವ್ವನಿಗೆ ಎಣ್ಣೆ ಬೇಡ ಅಂದ ದಿನ, "ನನ್ ಕೈಯೇ ನಿಂಗೆ ಆಗ್ಬರ್ಲಿಲ್ಲ ಅನ್ನು" ಎಂದು ಬಟ್ಟಲನ್ನು ಗೂಡಿನಲ್ಲಿಟ್ಟು ಎರಡು ದಿನ ಮಾತಾಡಲಿಲ್ಲ. ಓದುವವರಿಗೂ ಹೇಳುತ್ತೇನೆ: ಚಿವುಟಬೇಡಿ, ಕೆರೆಯಬೇಡಿ, ವಾರಕ್ಕೊಂದು ಮದ್ದು ಬದಲಿಸಬೇಡಿ. ಮೊದಲ ತಿಂಗಳು ಏನೂ ಆಗುವುದಿಲ್ಲ. ಬಿಟ್ಟುಬಿಡೋಣ ಅನ್ನಿಸುವುದೇ ಆಗ. ನನಗೆ ದಿನಾ ಅನ್ನಿಸುತ್ತಿತ್ತು.

ನಾಲ್ಕನೇ ತಿಂಗಳು ಹೊಸ ಗುಳ್ಳೆ ಏಳುವುದು ನಿಂತಿತು. ತಳ್ಳುಗಾಡಿಯನ್ನು ಆ ಯಜಮಾನಿಯ ಗೇಟಿನ ಮುಂದೆ ನಿಲ್ಲಿಸಿ ಚೀಟಿ ಚಾಚಿದೆ. ಓದಿದರು.

"ಚೀಟಿ ಯಾರು ಬೇಕಾದ್ರೂ ಬರೆಸ್ಕೋತಾರೆ. ಎಲ್ಲಿ, ತಿರುಗು ನೋಡೋಣ."

ನಡುಬೀದಿಯಲ್ಲಿ ತಿರುಗಿ ಅಂಗಿ ಎತ್ತಿದೆ.

"ಕಲೆ ಹಂಗೇ ಇದೆಯಲ್ಲ?"

"ಕಲೆ ಹೋಗೋಕೆ ವರ್ಷ ಹಿಡಿಯತ್ತಂತಮ್ಮಾ. ಕೆಲವು ಹೋಗೋದೇ ಇಲ್ಲವಂತೆ."

ಗೇಟಿನ ಹತ್ತಿರ ಬಂದು ದನಿ ಇಳಿಸಿದರು. "ನಮ್ಮ ಹುಡುಗಿಗೂ ಆಗಿದೆ, ಬೆನ್ನ ತುಂಬ. ಕಾಲೇಜಿಗೆ ಹೋಗೋವಾಗ ಸೆರಗು ಹೊದ್ದುಕೊಂಡೇ ಹೋಗ್ತಾಳೆ. ನಿನ್ನ ಪಾತ್ರೆಯಿಂದಲೇ ಬಂತು ಅಂದ್ಕೊಂಡಿದ್ದೆ ನಾನು."

"ಎಣ್ಣೆ ಹಚ್ತೀರಾ?"

"ದಿನಾ."

ನನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿದೆ. ಎಣ್ಣೆ ನಿಲ್ಲಿಸಿ, ನೈಲಾನ್ ರವಿಕೆ ಬಿಡಿಸಿ, ನನ್ನ ಮಾತ್ರೆ ಅವಳಿಗೆ ಕೊಡಬೇಡಿ, ಡಾಕ್ಟರಿಗೇ ತೋರಿಸಿ ಅಂದೆ. ಗಮನವಿಟ್ಟು ಕೇಳಿ, ಕೊನೆಗೆ ಅಂದರು: "ಇದು ನಮ್ಮ ಮಧ್ಯೆನೇ ಇರ್ಲಿ. ಬೀದೀಲಿ ಯಾರಿಗೂ ಹೇಳ್ಬೇಡಪ್ಪ. ಗಂಡು ನೋಡ್ತಿದ್ದೀವಿ."

ನನ್ನ ಬೆನ್ನಿನ ಸುದ್ದಿಯನ್ನು ಮೂರು ರಸ್ತೆಗೆ ಹಂಚಿದವರು ಇವರೇ. ಸಿಟ್ಟು ಮಾಡಿಕೊಳ್ಳುವಷ್ಟೂ ತ್ರಾಣ ನನ್ನಲ್ಲಿರಲಿಲ್ಲ, ಆದರೆ ವ್ಯಾಪಾರಿಯ ನಾಲಿಗೆ ಸುಮ್ಮನಿರಲಿಲ್ಲ.

"ನಾನು ಹೇಳಲ್ಲಮ್ಮಾ. ಕೇಳದಿದ್ರೂ ಹೇಳ್ತಿರಲಿಲ್ಲ. ನೀವು ಮಾತ್ರ ನಂದು ಅಂಟೋದಲ್ಲ ಅಂತ ಈ ಬೀದಿಗೆ ಒಂದು ಮಾತು ಹೇಳಿ."

ಚೀಟಿ ಹಿಡಿದುಕೊಂಡೇ ಚಪ್ಪಲಿ ಮೆಟ್ಟಿ ಹೊರಬಂದರು. ಪಕ್ಕದ ಮನೆಯ ಗೇಟು ತಟ್ಟಿ, "ಇವನದ್ದು ಅಂಟೋದಲ್ಲವಂತೆ ಕಣ್ರೀ, ಡಾಕ್ಟರೇ ಬರ್ಕೊಟ್ಟಿದ್ದಾರೆ" ಅಂದರು. ಪಕ್ಕದ ಮನೆಯಾಕೆ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಆಮೇಲೆ ನನ್ನ ಕಡೆ ನೋಡಿ, "ಎಲ್ಲಿ, ತೋರ್ಸು" ಅಂದರು.

ಆ ಸಂಜೆ ಏಳು ಗೇಟುಗಳ ಮುಂದೆ ಅಂಗಿ ಎತ್ತಿದೆ. ವ್ಯಾಪಾರವಾದದ್ದು ಒಂದೇ ಒಂದು ಲೋಟ.