ನಾನು ‘ಹೂಂ’ ಅಂದದ್ದು

ಮಾನವಶಾಸ್ತ್ರ ಓದಿದವರಿಗೆ ಕೆಲಸ ಎಲ್ಲಿ ಸಿಗುತ್ತದೆ ಎಂದು ಕೇಳುವವರಿಗೆ ಈಗ ನನ್ನ ಹತ್ತಿರ ಉತ್ತರವಿದೆ: ಆ್ಯಪ್ ಮಾಡುವ ಕಂಪನಿಯಲ್ಲಿ. ಹದಿನಾರು ವರ್ಷ ಕಾಲೇಜುಗಳಲ್ಲಿ ಗೆಸ್ಟ್ ಲೆಕ್ಚರರ್ ಆಗಿದ್ದು, ನಲವತ್ತೇಳಕ್ಕೆ ಜೆ.ಪಿ. ನಗರದ ಒಂದು ಪುಟ್ಟ ಕಂಪನಿ ಸೇರಿದೆ. ಕೆಲಸ ಹಳೆಯದೇ. ಜನರ ಮನೆಗೆ ಹೋಗುವುದು, ಅವರು ಬದುಕುವುದನ್ನು ನೋಡುವುದು, ಬಾಯಿ ಮುಚ್ಚಿಕೊಂಡಿರುವುದು. ಆಗ ಅದನ್ನು ಕ್ಷೇತ್ರಕಾರ್ಯ ಎನ್ನುತ್ತಿದ್ದೆವು, ಇಲ್ಲಿ ಯೂಸರ್ ರಿಸರ್ಚ್ ಎನ್ನುತ್ತಾರೆ. ಆಗ ನನ್ನ ವರದಿಯನ್ನು ಯಾರೂ ಓದುತ್ತಿರಲಿಲ್ಲ. ಇಲ್ಲಿ ಓದಿಬಿಟ್ಟಾರು ಎಂಬ ಭಯ.

ಭಯ ನನಗೆ ಹೊಸದಲ್ಲ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ನೋಡಲು ಸೌತ್ ಎಂಡ್ ಸರ್ಕಲ್‌ನಿಂದ ಮನೆಗೆ ವಾಪಸ್ ಹೋದವಳು ನಾನು. ಆದರೆ ಈ ಸಲದ ಭಯಕ್ಕೆ ಕಾರಣವಿತ್ತು.

ನಮ್ಮ ಆ್ಯಪ್ ವಯಸ್ಸಾದವರಿಗೆ ಮಾತ್ರೆಯ ಹೊತ್ತು ನೆನಪಿಸುವಂಥದ್ದು. ಫೋನ್ ಬಡಿದುಕೊಳ್ಳುತ್ತದೆ, ಅವರು ‘ತಗೊಂಡೆ’ ಎಂಬ ಬಟನ್ ಒತ್ತುತ್ತಾರೆ, ಮಕ್ಕಳಿಗೆ ಮೆಸೇಜ್ ಹೋಗುತ್ತದೆ. ಅದನ್ನು ಬಳಸುತ್ತಿದ್ದ ಒಬ್ಬರನ್ನು ನೋಡಲು ತಿಲಕ್ ನಗರಕ್ಕೆ ನಾನು ಮತ್ತು ನನ್ನ ಮ್ಯಾನೇಜರ್ ಹೋದೆವು. ಮ್ಯಾನೇಜರ್ ನನ್ನ ಅರ್ಧ ವಯಸ್ಸಿನ ಹುಡುಗಿ. ಆ ಮನೆಯಾಕೆಗೆ ಅರವತ್ತು ದಾಟಿತ್ತು. ಕಡಿದಾದ ಮೆಟ್ಟಿಲಿನ ಮೇಲಿನ ಒಂದು ಕೋಣೆಯಲ್ಲಿ ಬ್ಲೌಸ್ ಹೊಲಿಯುತ್ತಿದ್ದರು. ಬಿಪಿ ಇತ್ತು. ಕೇಳಿದ್ದಕ್ಕೆಲ್ಲ ಒಂದೇ ಉತ್ತರ: “ತುಂಬಾ ಚೆನ್ನಾಗಿದೆ ಮೇಡಂ.” ಮನೆಗೆ ಬಂದವರ ಮುಂದೆ ಅವರು ತಂದದ್ದರಲ್ಲಿ ಹುಳುಕು ತೆಗೆಯುವುದುಂಟೇ?

ಮ್ಯಾನೇಜರ್ ಫೋನಿನಲ್ಲಿ ತೆಗೆಯುತ್ತಿದ್ದ ವಿಡಿಯೋ ನಿಲ್ಲಿಸಿ ಕಾರು ತರಲು ಕೆಳಗಿಳಿದಳು. ನಾನು ಒಂದು ಚಪ್ಪಲಿ ಮೆಟ್ಟಿ ಇನ್ನೊಂದನ್ನು ಹುಡುಕುತ್ತಾ ನಿಧಾನ ಮಾಡಿದೆ. ನಮ್ಮ ಜನರ ನಿಜವಾದ ಮಾತು ಹೊಸ್ತಿಲ ಹತ್ತಿರವೇ ಶುರುವಾಗುವುದು. ಓದಿದ್ದೂ ಕಲಿಸಿದ್ದೂ ಸೇರಿ ಇಪ್ಪತ್ತು ವರ್ಷದಲ್ಲಿ ನಾನು ಕಲಿತ ವಿದ್ಯೆ ಅಷ್ಟೇ.

ಆಕೆ ದನಿ ತಗ್ಗಿಸಿದರು. “ಒಂದ್ ಮಾತು ಮೇಡಂ. ಒತ್ತೋದೇನೋ ಒತ್ತೀನಿ, ರಾತ್ರಿ ಮಾತ್ರೆ ನುಂಗಲ್ಲ. ನುಂಗಿದ್ರೆ ಬೆಳಿಗ್ಗೆ ತಲೆ ತಿರುಗತ್ತೆ, ಸೂಜಿಗೆ ದಾರ ಹೋಗಲ್ಲ. ಒತ್ತದೇ ಇದ್ರೆ ಮಗಳು ಫೋನ್ ಮೇಲೆ ಫೋನ್. ಅವಳಿಗೆ ಹೇಳ್ಬೇಡಿ.”

“ಹೂಂ,” ಅಂದೆ.

ಆ ‘ಹೂಂ’ ನನಗೆ ಸಲೀಸು. ಎದುರಿನವರು ಏನೇ ಹೇಳಲಿ, ಹುಬ್ಬೇರಿಸಬಾರದು, ಬುದ್ಧಿ ಹೇಳಬಾರದು, ಮೆಲ್ಲಗೆ ತಲೆಯಾಡಿಸಿ ಹೂಂಗುಟ್ಟಬೇಕು. ಹಾಗೆಂದು ನಮ್ಮ ಮೇಷ್ಟ್ರು ಕಲಿಸಿದ್ದರು. ನಾನೂ ವಿದ್ಯಾರ್ಥಿಗಳಿಗೆ ಅದನ್ನೇ ಕಲಿಸಿದ್ದೆ.

ಕಾರಿನಲ್ಲಿ ಮ್ಯಾನೇಜರ್, “ಸಖತ್ತಾಗಿತ್ತು ಅಲ್ವಾ ಮೇಡಂ? ಒಂದೂ ಕಂಪ್ಲೇಂಟ್ ಇಲ್ಲ,” ಅಂದಳು. ಅದಕ್ಕೂ ಹೂಂ ಅಂದೆ.

ಆಮೇಲಿನ ಮೂರು ದಿನ ಆ ಮೆಟ್ಟಿಲುಗಳೇ ಕಣ್ಣಮುಂದೆ. ಆಕೆ ಉರುಳಿದಂತೆ, ಅದೇ ಹೊತ್ತಿಗೆ ಮಗಳ ಫೋನಿಗೆ ‘ಅಮ್ಮ ಮಾತ್ರೆ ತಗೊಂಡರು’ ಎಂಬ ನಮ್ಮ ಮೆಸೇಜ್ ಬಂದಂತೆ. ಮಗಳಿಗೆ ಹೇಳಿದರೆ ಕೊಟ್ಟ ಮಾತು ಮುರಿಯುತ್ತದೆ. ಹೇಳದಿದ್ದರೆ? ಮೂರನೆಯ ದಿನ ಅರ್ಧ ದಿನ ರಜೆ ಹಾಕಿ ಒಬ್ಬಳೇ ಹೋದೆ.

“ಬನ್ನಿ ಬನ್ನಿ. ಫೋನ್ ಹಿಡ್ಕೊಂಡಿರೋ ಹುಡುಗಿ ಬರ್ಲಿಲ್ವಾ?” ಎಂದರು. ಮುಖ ಕೆಂಪಗಿತ್ತು, ಅಥವಾ ನನಗೆ ಹಾಗೆ ಕಂಡಿತು.

“ಅಮ್ಮ, ಮಾತ್ರೆ…”

“ಅದಾ? ಬೆಳಗಿನ ಮಾತ್ರೇನೂ ಬಿಟ್ಬಿಟ್ಟೆ. ಮೂರು ದಿನ ಆಯ್ತು, ಹಗುರಾಗಿದೀನಿ. ಮಾತ್ರೆ ಆಫೀಸಿನೋರು, ನೀವೇ ಹೂಂ ಅಂದ್ರಲ್ಲ!”

“ನಾನು ಡಾಕ್ಟರ್ ಅಲ್ಲಮ್ಮ. ಹೂಂ ಅಂದಿದ್ದು ಕೇಳಿಸ್ಕೊಂಡೆ ಅಂತ, ಅಷ್ಟೇ.”

“ಅಷ್ಟಕ್ಕೆ ಅಷ್ಟೊಂದ್ ತಲೆ ಯಾಕ್ ಆಡಿಸ್ತೀರಾ?”

ಇಷ್ಟು ವರ್ಷದಲ್ಲಿ ಯಾರೂ ನನಗೆ ಈ ಪ್ರಶ್ನೆ ಹಾಕಿರಲಿಲ್ಲ. “ಈಗ್ಲೇ ಡಾಕ್ಟರ್ ಹತ್ರ ಹೋಗೋಣ, ದಮ್ಮಯ್ಯ,” ಅಂದೆ.

“ಮಗಳಿಗೆ ಹೇಳ್ತೀರಾ?”

“ನಾನಂತೂ ಹೇಳಲ್ಲ.”

ಇನ್ನೆರಡು ಹುಕ್ಸ್ ಹಾಕಿ ಮುಗಿಸಿಯೇ ಎದ್ದರು. ಆಕೆ ಬಿದ್ದರೆ ಹಿಡಿದುಕೊಳ್ಳೋಣವೆಂದು ನಾನು ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯತೊಡಗಿದೆ. “ನೀವೇ ಬೀಳ್ತೀರಾ, ನೆಟ್ಟಗೆ ಇಳೀರಿ ತಾಯಿ,” ಎಂದು ಬೈದರು.

ಅದೇ ರಸ್ತೆಯ ಕ್ಲಿನಿಕ್ಕಿನಲ್ಲಿ ಡಾಕ್ಟರ್ ತೋಳಿಗೆ ಪಟ್ಟಿ ಸುತ್ತಿ ನೋಡಿದರು. ಇನ್ನೊಂದು ತೋಳಿಗೂ ಸುತ್ತಿದರು. “ಮಾತ್ರೆ ಸರಿಯಾಗಿ ತಗೋತಿದೀರಾ?”

ಆಕೆ ನನ್ನ ಕಡೆ ನೋಡಿದರು. ಮಾತು ನನ್ನ ಗಂಟಲಿಗೇ ಬಂದಿತ್ತು. ಅಭ್ಯಾಸಬಲದಿಂದ ತಲೆ ಆಡಿಬಿಟ್ಟೀತೆಂದು ಕತ್ತನ್ನು ಬಿಗಿಹಿಡಿದು ಕೂತೆ.

“ಇಲ್ಲ ಡಾಕ್ಟ್ರೇ,” ಅಂದರು ಕೊನೆಗೆ. “ರಾತ್ರಿದು ಒಂದೂವರೆ ತಿಂಗಳಿಂದ ಇಲ್ಲ, ತಲೆ ತಿರುಗತ್ತೆ ಅಂತ. ಬೆಳಗಿಂದು ಮೂರು ದಿನದಿಂದ. ಇವರು ಹೂಂ ಅಂದ್ರು.”

ಡಾಕ್ಟರ್ ನನ್ನತ್ತ ತಿರುಗಿದರು. “ನೀವ್ಯಾರು?”

“ಹೂಂ ಅಂದವಳು,” ಎಂದೆ.

ಅವರು ನಗಲಿಲ್ಲ. ಒಂದು ಮಾತ್ರೆ ನುಂಗಿಸಿ, ಅರ್ಧ ಗಂಟೆ ಮಲಗಿಸಿ ಮತ್ತೆ ನೋಡುತ್ತೇನೆ, ಬಿಪಿ ಇಳಿಯದಿದ್ದರೆ ದೊಡ್ಡಾಸ್ಪತ್ರೆ ಎಂದರು. ತಲೆ ತಿರುಗಿಸದ ಬೇರೆ ಮಾತ್ರೆ ಇದೆ, ಮೊದಲೇ ಹೇಳಬಾರದಿತ್ತೇ ಎಂದು ಗದರಿದರು. ಆಕೆ ಮಲಗಿದಲ್ಲಿಂದಲೇ ನನ್ನ ಕೈಗೆ ಫೋನ್ ಕೊಟ್ಟರು. “ಮಗಳ ನಂಬರ್ ಹಾಕ್ಕೊಡಿ. ಮಾತು ನಾನೇ ಆಡ್ತೀನಿ. ನೀವು ಸುಮ್ನಿರಿ.”

ನಂಬರ್ ಹಾಕಿ ಕೊಟ್ಟು, ಆಕೆಯ ಕಾಲ ಬಳಿ ಸುಮ್ಮನೆ ಕೂತೆ. ಅರ್ಧ ಗಂಟೆಯಲ್ಲಿ ಇನ್ನೂ ಐದು ನಿಮಿಷವೂ ಆಗಿರಲಿಲ್ಲ.