ಗುಡ್ಡಪ್ಪನ ದಾಳ ಯಾರು ಉರುಳಿಸಬೇಕು?

ನಿಯಮವಿಲ್ಲದ ಸಮಾಜ ಉಳಿಯುವುದಿಲ್ಲ. ವ್ಯಾಖ್ಯಾನಕಾರರಿಲ್ಲದಿದ್ದರೆ ನಿಯಮವೂ ಉಳಿಯುವುದಿಲ್ಲ. ಈ ಮಹಾವಾಕ್ಯ ನನಗೆ ಯಾವ ನ್ಯಾಯಪೀಠದ ಎದುರೂ ಹೊಳೆದದ್ದಲ್ಲ. ಸಾಗರದಾಚೆಯ ವುಡ್‌ಬ್ರಿಡ್ಜ್ ಎಂಬ ಊರಿನ ಒಂದು ಬೇಸ್‌ಮೆಂಟಿನಲ್ಲಿ, ಇಲ್ಲದ ಬಾಗಿಲಿನ ಹಿಂದೆ ಇಲ್ಲದ ಪಿಶಾಚಿಯೊಂದು ಎಷ್ಟು ಹೊತ್ತು ಉಸಿರು ಬಿಗಿಹಿಡಿದು ನಿಲ್ಲಬಹುದು ಎಂಬ ಬಗ್ಗೆ, ತಲೆ ನರೆತ ಇಬ್ಬರು ಗಂಡಸರು ಚಹಾ ಆರಿ ಕೆನೆಗಟ್ಟುವವರೆಗೆ ವಾದಿಸಿದಾಗ ಹೊಳೆದದ್ದು. ಇಬ್ಬರಲ್ಲಿ ಒಬ್ಬ ನಾನು.

ಈ ಆಟದ ಪರಿಚಯವಿಲ್ಲದ ಪುಣ್ಯವಂತರಿಗೆ ಒಂದು ಮಾತು. ಒಬ್ಬರು ಸೂತ್ರಧಾರರಾಗಿ ಗುಹೆ, ಕೋಟೆ, ಡ್ರ್ಯಾಗನ್ನುಗಳ ಲೋಕವೊಂದನ್ನು ಬಾಯಲ್ಲೇ ಕಟ್ಟುತ್ತಾರೆ; ಉಳಿದವರು ಒಂದೊಂದು ಪಾತ್ರವಾಗಿ ಅದರೊಳಗೆ ಹೊಕ್ಕು 'ನಾನು ಕಂದಕ ಹಾರುತ್ತೇನೆ' ಎನ್ನುತ್ತಾರೆ; ಹಾರಿದರೋ ಬಿದ್ದರೋ ಎಂಬುದನ್ನು ಇಪ್ಪತ್ತು ಮುಖದ ದಾಳವೊಂದು ನಿರ್ಣಯಿಸುತ್ತದೆ. ದಾಳಕ್ಕೆ ನಿರ್ಣಯಿಸಲು ಕ್ಷಣ ಸಾಕು. ಆ ನಿರ್ಣಯದ ಅರ್ಥವೇನೆಂದು ನಿರ್ಣಯಿಸಲು ನಮಗೆ ಭಾನುವಾರದ ಮಧ್ಯಾಹ್ನ ಪೂರ್ತಿ ಬೇಕು.

ನಮ್ಮ ಸೂತ್ರಧಾರ ಮೈಸೂರಿನ ಸುಧೀಂದ್ರ; ಬೇಸ್‌ಮೆಂಟೂ ಅವನದೇ. ವಾರವಿಡೀ ಅನ್ಯರ ಸಾಫ್ಟ್‌ವೇರಿನಲ್ಲಿ ದೋಷ ಹುಡುಕುವುದು ಅವನ ವೃತ್ತಿ. ವಾರಾಂತ್ಯದಲ್ಲಿ ಅನ್ಯರಲ್ಲೇ ನೇರವಾಗಿ ಹುಡುಕುತ್ತಾನೆ. ನಾನೋ, ಇನ್ಶೂರೆನ್ಸ್ ಕ್ಲೇಮುಗಳನ್ನು ಪರಿಶೀಲಿಸುವವನು. ನಿಮ್ಮ ಮನೆಗೆ ನುಗ್ಗಿದ ನೀರು ಮೇಲಿನಿಂದ ಬಂದದ್ದೋ ಕೆಳಗಿನಿಂದ ಉಕ್ಕಿದ್ದೋ ಎಂಬ ಜಿಜ್ಞಾಸೆಯಿಂದ ಅನ್ನ ಸಂಪಾದಿಸುವವನು. ಫೆಬ್ರವರಿಯ ಬೂದು ಬೆಳಕಿನಲ್ಲಿ, ಹಿಮ ಕರಗಲೆಂದು ಉಪ್ಪು ಸುರಿದ ಹೈವೇಯ ಮೇಲೆ, ಪಿಕರಿಂಗಿನಿಂದ ನಾನು ಅಷ್ಟು ದೂರ ಡ್ರೈವ್ ಮಾಡುವುದು ಆಟಕ್ಕಲ್ಲ, ವಾದಕ್ಕೆ ಎಂಬುದು ನನ್ನ ಹೆಂಡತಿಯ ಆರೋಪ. ಅದಕ್ಕೆ ನಾನಿನ್ನೂ ಉತ್ತರ ಸಲ್ಲಿಸಿಲ್ಲ.

ಮೂರನೆಯವರು ಹುಬ್ಬಳ್ಳಿಯ ಗಂಗಕ್ಕ. ಐವತ್ತು ದಾಟಿ, ಬ್ರೆಡ್ಡಿನ ಕಾರ್ಖಾನೆಯೊಂದರ ಪ್ಯಾಕಿಂಗ್ ಲೈನಿನಲ್ಲಿ ನಿಂತು ದುಡಿಯುವ ಈ ಹೆಂಗಸು, ನಮ್ಮ ಆಟದಲ್ಲಿ ಸೊಂಟದವರೆಗೆ ಗಡ್ಡ ಬಿಟ್ಟು ಸುತ್ತಿಗೆ ಹಿಡಿದ, ಗುಡ್ಡಪ್ಪ ಎಂಬ ಕುಳ್ಳ. ಗುಡ್ಡಪ್ಪನನ್ನು ಸೃಷ್ಟಿಸಿದವನು ಅವರ ಗಂಡ ಶಿವಾನಂದ. ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದ, ನಗು ಬಂದರೆ ಮೇಜು ಗುದ್ದುತ್ತಿದ್ದ ಆಜಾನುಬಾಹು. ಎರಡು ಚಳಿಗಾಲದ ಹಿಂದೆ, ಶಿಫ್ಟು ಮುಗಿಸಿ ಕಾರಿನ ಗಾಜಿನ ಮೇಲಿನ ಹಿಮ ಕೆರೆಯುತ್ತಿದ್ದಾಗ ಅವನ ಹೃದಯ ನಿಂತಿತು. ಕಾರ್ಯಗಳೆಲ್ಲ ಮುಗಿದ ಮೇಲೆ ಗಂಗಕ್ಕ, ಇವು ನಿಮ್ಮವೇ ಇರಬೇಕೆಂದು, ಅವನ ದಾಳಗಳ ಚೀಲವನ್ನು ಹಿಂತಿರುಗಿಸಲು ಬಂದರು. ಬಾಗಿಲಲ್ಲೇ ನಿಂತು ಕೇಳಿದರು:

"ಆ ಗುಡ್ಡಪ್ಪ ಈಗ ಎಲ್ಲಿ ಅದಾನ್ರೀ?"

"ಗುಹೆ ಒಳಗಿದ್ದಾನೆ, ಗಂಗಕ್ಕ," ಎಂದ ಸುಧೀಂದ್ರ, ತಾನೇ ಅಲ್ಲಿ ಕೂಡಿಹಾಕಿದವನಂತೆ ತಲೆತಗ್ಗಿಸಿ.

"ಒಬ್ಬನ?"

"ಸದ್ಯಕ್ಕೆ ಒಬ್ಬನೇ."

"ಕತ್ತಲ್ಯಾಗ ಅವನ್ನೊಬ್ಬನ್ನ ಬಿಟ್ಟು ನೀವಿಲ್ಲಿ ಚಾ ಕುಡ್ಯಾಕತ್ತೀರಿ!" ಎಂದವರು ಕೋಟು ಕಳಚಿ ಕೂತೇಬಿಟ್ಟರು.

ಇನ್ನು ನಮ್ಮ ಮೇಜಿನ ವಿಶಿಷ್ಟ ಸಂಪ್ರದಾಯವೊಂದನ್ನು ಹೇಳಬೇಕು. ಸುಧೀಂದ್ರನ ಹೆಂಡತಿ ವಸುಂಧರಾ ಆಡುವವರಲ್ಲ. ನಮ್ಮ ಸಾಹಸಗಳ ಬಗ್ಗೆ ಅವರ ಅಭಿಪ್ರಾಯವನ್ನು ಮುದ್ರಿಸುವಂತಿಲ್ಲ. ಆದರೆ ಅವರ ಕೈಗುಣ ನಿರ್ವಿವಾದ. ಅವರು ಹೆಪ್ಪು ಹಾಕಿದ ಮೊಸರು ಈ ದೇಶದ ಜನವರಿಯಲ್ಲೂ ಗಟ್ಟಿಯಾಗುತ್ತದೆ. ಹಾಗಾಗಿ ಪಾತ್ರವೊಂದರ ಪ್ರಾಣಕ್ಕೆ ಬಂದಾಗ ಶಿವಾನಂದ ಮೆಟ್ಟಿಲ ಬುಡದಿಂದ, "ವೈನೀ, ಕೆಳಗ ಬರ್ರಿ, ಜೀವದ ಪ್ರಶ್ನಿ ಐತಿ!" ಎಂದು ಕೂಗುತ್ತಿದ್ದ, ಅವರು ಸೆರಗಿಗೆ ಕೈ ಒರೆಸುತ್ತ ಬಂದು, ದಾಳ ಉರುಳಿಸಿ, ಒಗ್ಗರಣೆ ಸೀಯುವ ಮುನ್ನ ಹತ್ತಿ ಹೋಗುತ್ತಿದ್ದರು. ಜಗತ್ತಿನ ಬೇರಾವ ಮೇಜಿನಲ್ಲಿಯೂ ಈ ಪದ್ಧತಿ ಇರಲಾರದು. ನಮ್ಮಲ್ಲಿ ಮಾತ್ರ ಅದು ಶಾಸ್ತ್ರವೇ ಆಗಿಹೋಗಿತ್ತು.

ಈ ವರ್ಷ ಸುಧೀಂದ್ರ ನಿಯಮಪುಸ್ತಕದ ಹೊಸ ಆವೃತ್ತಿ ಕೊಂಡ. ಇನ್ನು ಮೇಲೆ ಇದರ ಪ್ರಕಾರವೇ ಎಂದ. ಫೋನಿನಲ್ಲಿ ಬರುವ ಷರತ್ತುಗಳಿಗೆ ಒಪ್ಪುವಂತೆ, ಓದದೆಯೇ ಎಲ್ಲರೂ ತಲೆಯಾಡಿಸಿದೆವು.

ಮೊನ್ನೆಯ ಭಾನುವಾರ ಡ್ರ್ಯಾಗನ್ನಿನ ಉಸಿರು ತಗುಲಿ ಗುಡ್ಡಪ್ಪ ನೆಲಕ್ಕುರುಳಿದ. ಉಳಿದದ್ದು ಒಂದೇ ಎಸೆತ: ಹತ್ತು ಅಥವಾ ಹೆಚ್ಚು ಬಿದ್ದರೆ ಬದುಕು, ಕಡಿಮೆ ಬಿದ್ದರೆ ಸಾವು. ನಮ್ಮ ಆಟದಲ್ಲಿ ಸತ್ತವರು ಮರಳುವುದಿಲ್ಲ. ಗಂಗಕ್ಕ "ವೈನೀ!" ಎಂದು ಕೂಗಿದರು. ವಸುಂಧರಾ ಸೌಟು ಹಿಡಿದೇ ಬಂದು ದಾಳ ಉರುಳಿಸಿದರು. ಹದಿನೇಳು. ನಾನು ಚಪ್ಪಾಳೆ ತಟ್ಟಿದೆ. ಸುಧೀಂದ್ರ ಪುಸ್ತಕದೊಳಗೆ ಬೆರಳಿಟ್ಟ.

"ಪಾತ್ರ ಯಾರದೋ ಅವರೇ ಉರುಳಿಸಬೇಕು ಅಂತಿದೆ, ಹೊಸದರಲ್ಲಿ."

"ರೀ, ಹದಿನೇಳು ಬಿದ್ದಿದೆ. ಸುಮ್ನಿರಿ," ಎಂದರು ವಸುಂಧರಾ.

ಇಂಥ ಸಂದರ್ಭಕ್ಕೆಂದೇ ಹುಟ್ಟಿದವನಂತೆ ನಾನೆದ್ದೆ. ಬಹುಕಾಲದ ಆಚಾರಕ್ಕೆ ಗ್ರಂಥದಷ್ಟೇ ಬಲವುಂಟು, ಕೈ ಕೇವಲ ಉಪಕರಣ, ಆಕ್ಷೇಪವಿದ್ದರೆ ಎಸೆಯುವ ಮೊದಲೇ ಎತ್ತಬೇಕಿತ್ತು ಎಂದು ಮುಂತಾಗಿ, ಆಫೀಸಿನಲ್ಲಿ ನಾನು ದಿನವೂ ತಳ್ಳಿಹಾಕುವ ವಾದಗಳನ್ನೆಲ್ಲ ಒಂದೊಂದಾಗಿ ಮಂಡಿಸಿದೆ. ಸುಧೀಂದ್ರ ಕೆರಳಿದ.

"ಮೂರ್ತಿ, ಹಾಗಾದ್ರೆ ಮೊಸರು ಚೆನ್ನಾಗಿ ಹೆಪ್ಪಾಗೋ ಮನೇಲಿ ಯಾರೂ ಸಾಯೋದೇ ಇಲ್ವೇನಯ್ಯಾ?"

ಆಡಿದ ಮೇಲೆ ಅವನಿಗೇ ಕೇಳಿಸಿತು. ಗೋಡೆಯಾಚೆ ಮನೆ ಬೆಚ್ಚಗಿಡುವ ಫರ್ನೇಸು ಗುರ್ರೆಂದು ಹೊತ್ತಿಕೊಂಡಿತು. ಯಾರಾದರೂ ಮಾತಾಡಿದರಲ್ಲ ಎಂದು ನನಗೆ ಸಮಾಧಾನವಾಯಿತು.

"ಪುಸ್ತಕ ಬಾಜೂಕ ಇಡ್ರಿ," ಎಂದರು ಗಂಗಕ್ಕ. "ಮೊದಲ ಒಂದು ಹೇಳ್ರಿ. ಗುಡ್ಡಪ್ಪ ಯಾರ ಪಾತ್ರ? ನಂದೋ, ನಮ್ಮ ಮನಿಯವರದೋ?"

ಸುಧೀಂದ್ರ ಕಟುಕನಲ್ಲ. ಅವನ ಕಣ್ಣಲ್ಲಿ ಒಂದು ಬೆಳಕು ಕಂಡಿತು. "ಶಿವಾನಂದಂದು ಅನ್ನಿ, ಗಂಗಕ್ಕ. ಅವನಂತೂ ಉರುಳಿಸೋ ಹಾಗಿಲ್ಲ. ಆಗ ಯಾರ ಕೈ ಆದ್ರೂ ನಡೆಯತ್ತೆ. ಹದಿನೇಳು ನಿಲ್ಲತ್ತೆ, ಗುಡ್ಡಪ್ಪ ಬದುಕ್ತಾನೆ."

ನನ್ನ ವೃತ್ತಿಜೀವನದಲ್ಲೇ ಇಷ್ಟು ದಯಾರ್ದ್ರವಾದ ವ್ಯಾಖ್ಯಾನವನ್ನು ನಾನು ಕಂಡಿಲ್ಲ. ಮೊದಲ ಬಾರಿಗೆ ಸುಧೀಂದ್ರನ ಮಾತಿಗೆ ಜೋರಾಗಿ ತಲೆಯಾಡಿಸಿದೆ. ಆದರೆ ಓದುಗ ಮಹಾಶಯರೇ, ನಿಯಮವನ್ನು ಕರುಣೆಯ ಕಡೆಗೆ ಬಗ್ಗಿಸಿದಾಗಲೂ ಅದು ಯಾರನ್ನೋ ಒತ್ತುತ್ತದೆ. ಗುಡ್ಡಪ್ಪ ಶಿವಾನಂದನವನೆಂದರೆ, ಇಷ್ಟು ಕಾಲ ಈ ಕುರ್ಚಿಯಲ್ಲಿ ಕೂತ ಗಂಗಕ್ಕ ಯಾರು? ಯಜಮಾನ ಬರುವವರೆಗೆ ಸುತ್ತಿಗೆ ಹಿಡಿದು ನಿಂತವರು. ಯಜಮಾನ ಬರುವವನಲ್ಲ.

ಗಂಗಕ್ಕ ದಾಳವನ್ನೇ ನೋಡುತ್ತಿದ್ದರು.

"ಅವರು ಹೋದ ಮ್ಯಾಲೆ ಹಾವಿನ ಕೂಡ, ಭೂತದ ಕೂಡ ಹೊಡದಾಡಿದಾಕಿ ನಾನು. ಗುಹಾದಾಗಿಂದ ಹೊರಗ ತಂದಾಕಿ ನಾನು," ಎಂದರು. "ಗುಡ್ಡಪ್ಪ ನಂದು."

"ಬೇಡಿ, ಗಂಗಕ್ಕ. ಬಿದ್ದಿದ್ದು ಬಿದ್ದಾಗಿದೆ," ಎಂದು ವಸುಂಧರಾ ಅವರ ಭುಜ ಹಿಡಿದರು.

"ಇರ್ಲಿ ವೈನಿ, ನೀವು ಒಲಿ ನೋಡ್ರಿ," ಎಂದು ಗಂಗಕ್ಕ ದಾಳವನ್ನು ಅಂಗೈಯಲ್ಲಿ ಮುಚ್ಚಿ ಒಮ್ಮೆ ಅಲುಗಿಸಿ ಎಸೆದರು.

ದಾಳ ಮೇಜಿನ ನಟ್ಟನಡುವೆ ಸಮನಾಗಿ ನಿಂತಿತು, ವಾದಕ್ಕೆ ಆಸ್ಪದವಿರಲಿಲ್ಲ. ನಾಲ್ಕು ಬಿದ್ದಿತ್ತು. ಗುಡ್ಡಪ್ಪ ಸತ್ತ.