ಸೊಪ್ಪು ಕೇಳುವ ರಾಕ್ಷಸ

ರಾಕ್ಷಸ ಕಚ್ಚಬೇಕಾಗಿಲ್ಲ, ಹಸಿದಿದ್ದರೆ ಸಾಕು ಅಂತ ನನಗೆ ಮೊದಲು ಹೇಳಿದವರು ಹೊಂಗನೂರಿನ ಜಯಮ್ಮ. ಚನ್ನಪಟ್ಟಣದ ಗೊಂಬೆ ಕಾರ್ಖಾನೆಯಲ್ಲಿ ಅವರು ಬಣ್ಣ ಹಾಕುತ್ತಿದ್ದರು, ನಾನು ವಿನ್ಯಾಸ ಮಾಡುತ್ತಿದ್ದೆ.

ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ಆಟಕ್ಕೆ ಮರದ ರಾಕ್ಷಸ ಬೇಕು ಅಂತ ಆರ್ಡರ್ ಬಂದಿತ್ತು. ಯಾವ ಪ್ರಾಣಿಯ ತಲೆ, ಯಾವುದರ ಮೈ ಅಂತ ದಾಳ ಹಾಕಿ, ಬಿದ್ದಂತೆ ಜೋಡಿಸಬೇಕು. ನನಗೆ ಎರಡೂ ರೇಷ್ಮೆಹುಳದ್ದೇ ಬಿತ್ತು.

ಯಜಮಾನರು ನಕ್ಕರು. "ಇದಕ್ಕೆ ಯಾರಮ್ಮ ಹೆದರ್ತಾರೆ? ಸಂಜೆಯೊಳಗೆ ಸರಿಹೋಗದಿದ್ರೆ ಆರ್ಡರ್ ಬಿಟ್ಟು ಬುಗುರಿ ಮಾಡೋಣ."

ಇನ್ನೊಮ್ಮೆ ದಾಳ ಹಾಕಬಹುದಿತ್ತು. ಹಾಕಲಿಲ್ಲ. ಇದರಿಂದಲೇ ಹೆದರಿಸುತ್ತೇನೆ ಅಂತ ಹಟ ಹಿಡಿದು ಕೋರೆಹಲ್ಲು ಬರೆದೆ.

ಜಯಮ್ಮ ಇಣುಕಿದರು. "ಹಲ್ಲ್ಯಾಕೆ ಮೇಡಮ್ಮ? ನಮ್ಮನೆ ರೇಷ್ಮೆಹುಳ ನಾಕನೇ ಜ್ವರ ಕಳ್ದು ಎದ್ದವೆ. ಎಷ್ಟು ಸೊಪ್ಪು ಹಾಕಿದ್ರೂ ಸಾಲ್ದು. ತಂಗಿ ಮದ್ವೆಗೂ ಹೋಗಕ್ ಬುಡ್ನಿಲ್ಲ."

"ಜ್ವರ ಅಂದ್ರೆ?"

"ಪೊರೆ ಬುಡೋದು. ಆವಾಗ ತಿನ್ನದೆ ತಲೆ ಎತ್ಕೊಂಡು ಕುಂತಿರ್ತವೆ. ನಾವು ಒಸಿ ಉಸಿರಾಡೋದು ಆವಾಗ್ಲೇ."

ಹಲ್ಲು ಅಳಿಸಿದೆ. ಆಡುವವರು ಪ್ರತಿ ಸರದಿಗೂ ರಾಕ್ಷಸನಿಗೆ ಸೊಪ್ಪು ಹಾಕಬೇಕು, ಮುಗಿದರೆ ತಮ್ಮ ಕತ್ತಿ, ಕುದುರೆ ಹಾಕಬೇಕು, ಅದಕ್ಕೆ ಜ್ವರ ಬಂದಾಗ ಮಾತ್ರ ತಪ್ಪಿಸಿಕೊಳ್ಳಬಹುದು ಅಂತ ನಿಯಮ ಮಾಡಿದೆ.

ಸಂಜೆ ಯಜಮಾನರೇ ಆಡಿ ನೋಡಿದರು. ಸೊಪ್ಪು ಮುಗಿಯಿತು, ಕತ್ತಿ ಹೋಯಿತು, ಕುದುರೆಯೂ ಹೋಯಿತು. "ಇದಕ್ಕೆ ಜ್ವರ ಯಾವಾಗಮ್ಮ ಬರೋದು?" ಅಂತ ಹಣೆ ಒರೆಸಿಕೊಂಡರು. ಆರ್ಡರ್ ಉಳಿಯಿತು.

ಜಯಮ್ಮ ಆಗಲೇ ಚೀಲ ಎತ್ತಿಕೊಂಡಿದ್ದರು. "ನೀವು ಆಡ್ತಿರಿ ಸಾರ್. ನಾನು ಮನೇವಕ್ಕೆ ಸೊಪ್ಪು ಹಾಕ್ಬೇಕು."

ನಿಮಗೆ ಗೊತ್ತಿರುವವರು ಯಾರಾದರೂ ರಾಕ್ಷಸನನ್ನು ಮಾಡಲು ಕೂತಿದ್ದರೆ ದಯವಿಟ್ಟು ತಿಳಿಸಿ: ಹಲ್ಲು ಆಮೇಲೆ ಬರೆಯಲಿ, ಮೊದಲು ಅದಕ್ಕೆ ಊಟ ಹಾಕುವವರು ಯಾರು ಅಂತ ಕೇಳಿಕೊಳ್ಳಲಿ.